ಸೋಲೇ ಇಲ್ಲದ ತಂಡದ ಚರಿತ್ರೆ

ಗೆಲ್ಲುವ ತಂಡದ ಆಫೀಸಿನಲ್ಲಿ ಗುಮಾಸ್ತನಾಗಿದ್ದರೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಪಶ್ಚಿಮ ಲಂಡನ್ನಿನ ನಮ್ಮ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡ ಗೆದ್ದ ಕಪ್‌ಗಳು ಕಪಾಟು ತುಂಬಿ ಈಗ ನನ್ನ ಫೈಲುಗಳ ಮೇಲೆ ಕೂತಿವೆ. ಆದರೆ ಹುಡುಗಿಯರು ಬಟ್ಟೆ ಬದಲಿಸುವ ಕೋಣೆಯ ಮಾಡು ಸೋರುತ್ತದೆ, ನಲ್ಲಿಯಲ್ಲಿ ಬಿಸಿನೀರಿಲ್ಲ. ಹೊಸ ಕೋಣೆಗೆ ಆಡಳಿತ ಸಮಿತಿ ಒಪ್ಪಬೇಕು. "ತಂಡದ ಚರಿತ್ರೆ ಬರೆಯಿರಿ. ಓದಿದವರ ಕಣ್ಣು ಕೋರೈಸಬೇಕು," ಎಂದು ಕೋಚ್ ಸಾಹೇಬರು ನನಗೆ ಅಪ್ಪಣೆ ಮಾಡಿದರು. ಇಪ್ಪತ್ತು ವರ್ಷ ಹಾಜರಿಪುಸ್ತಕ ಬರೆದ ನನಗೆ ಕೋರೈಸುವ ವಿದ್ಯೆ ಗೊತ್ತಿರಲಿಲ್ಲ.

ಅಡಿಪಾಯ

ಹಳೆಯ ಫೈಲು ತೆಗೆದರೆ, ಇದೇ ಕೋಚ್ ಕಾಲದಲ್ಲಿ ತಂಡ ಸತತ ಮೂರು ಸೀಸನ್ ಕೊನೆಯ ಸ್ಥಾನದಲ್ಲಿತ್ತು.

"ಮೊದಲನೆಯದು ತಂಡ ಕಟ್ಟಿದ ವರ್ಷ ಅಂತ ಬರೆಯಿರಿ," ಎಂದರು ಕೋಚ್.

"ಎರಡನೆಯದು?"

"ಅಡಿಪಾಯ ಗಟ್ಟಿ ಮಾಡಿದ ವರ್ಷ."

"ಮೂರನೆಯದು?"

"ಆ ಪುಟದಲ್ಲಿ ಫೋಟೊ ದೊಡ್ಡದು ಹಾಕಿ."

ಇಳಿಜಾರು

ಒಂದು ಫೈನಲ್‌ನಲ್ಲಿ ಐದು ಗೋಲಿನಿಂದ ಸೋತಿದ್ದೆವು. ಎದುರಾಳಿಗಳ ಮೈದಾನ ಇಳಿಜಾರು, ನಮ್ಮವರು ಏರಬೇಕಾಯಿತು ಎಂದರು ಕೋಚ್.

"ಅರ್ಧ ಆಟ ಆದಮೇಲೆ ಬದಿ ಬದಲಾಯಿತಲ್ಲ ಸರ್?"

"ಆಗ ಚೆಂಡು ವಿಪರೀತ ಜೋರಾಗಿ ಓಡಿತು!"

ಗ್ರೀನ್‌ಫರ್ಡ್‌ನ ನಮ್ಮ ಮನೆಗೆ ಬಂದು ಇದನ್ನು ಹೇಳಿದೆ. ನನ್ನ ಹೆಂಡತಿ ಅಪ್ಪಟ ಕುಂದಾಪುರದವಳು. ದೋಸೆ ಮಗುಚುತ್ತಲೇ ಹೇಳಿದಳು: "ಕುಣುಕ್ ಬಾರದವ್ಳಿಗೆ ನೆಲ ಡೊಂಕ್ ಅಂಬ್ರ್. ಇವ್ರಿಗ್ ಎರಡೂ ಬದಿ ಡೊಂಕಾ?"

ಗೋಲೇ ಬಿಡದವಳು

ಚರಿತ್ರೆ ಬರೆಯುವ ಸುದ್ದಿ ಪಿನ್ನರ್ ಬಡಾವಣೆಗೂ ಮುಟ್ಟಿತು. ಅಲ್ಲಿ ಧಾರವಾಡದ ಡಾಕ್ಟರಮ್ಮ ಒಬ್ಬರಿದ್ದಾರೆ. ಅವರ ಮಗಳು ನಮ್ಮ ಮೀಸಲು ಗೋಲ್‌ಕೀಪರ್, ಸೀಸನ್ ಇಡೀ ಬೆಂಚು ಬಿಟ್ಟು ಎದ್ದವಳಲ್ಲ. ಡಾಕ್ಟರಮ್ಮ ಫೋನ್ ಮಾಡಿದರು.

"ಏನ್ರೀ, ನಮ್ಮ ಮಗಳ ಹೆಸರು ಬರದೀರಿಲ್ಲೋ?"

"ಅವಳು ಒಂದು ಮ್ಯಾಚೂ ಆಡಿಲ್ಲವಲ್ಲ ಮೇಡಂ."

"ಆಡಲಿಲ್ಲಂದ್ರ ಏನಾತು? ಒಂದರ ಗೋಲ್ ಬಿಟ್ಟಾಳೇನು, ಹೇಳ್ರಿ?"

ಹಿಂದಿನಿಂದ ಮಗಳು "ಮಮ್ಮಿ, ಸ್ಟಾಪ್ ಇಟ್!" ಎಂದು ಕೂಗುತ್ತಿದ್ದಳು. ಕೋಚ್‌ಗೆ ಹೇಳಿದರೆ ಅವರು ಹಿಗ್ಗಿ ಹೀರೇಕಾಯಿಯಾಗಿ ತಾವೇ ಬರೆಸಿದರು: "ಇಡೀ ಸೀಸನ್‌ನಲ್ಲಿ ಒಂದೂ ಗೋಲ್ ಬಿಟ್ಟುಕೊಡದ ಗೋಲ್‌ಕೀಪರ್." ಪಾಪ, ಎಲ್ಲ ಮ್ಯಾಚೂ ಆಡಿದ ಹುಡುಗಿಯ ದಾಖಲೆ ಅದರೆದುರು ತೀರಾ ಸಪ್ಪೆಯಾಗಿ ಕಂಡಿತು.

ಸಮಿತಿ ಓದಿತು

ಸಭೆಗೆ ಕೋಚ್ ಹೊಸ ಟೈ ಕಟ್ಟಿಕೊಂಡು ಬಂದರು. ಅಧ್ಯಕ್ಷರು ನಮ್ಮ ಪುಸ್ತಕವನ್ನು ಮೊದಲ ಅಕ್ಷರದಿಂದ ಕೊನೆಯವರೆಗೆ ಓದಿದ್ದರು. ಇದುವರೆಗೆ ಅಲ್ಲಿ ಯಾರೂ ಏನನ್ನೂ ಪೂರ್ತಿ ಓದಿದ್ದನ್ನು ನಾನು ಕಂಡಿರಲಿಲ್ಲ.

"ಅದ್ಭುತ!" ಎಂದರು ಅಧ್ಯಕ್ಷರು. "ಸೋರುವ ಕೋಣೆ, ತಣ್ಣೀರು. ಆದರೂ ಒಂದು ಸೀಸನ್ ಕೂಡ ಹಾಳಾಗಿಲ್ಲ. ಇಂಥ ಕೋಣೆಯನ್ನು ಕೆಡವಬಾರದು. ಹೊಸ ಕೋಣೆ ಕಟ್ಟಿಸಿ ಫುಟ್‌ಬಾಲ್ ತಂಡಕ್ಕೆ ಉಪ್ಪರಿಗೆಯ ಸುಖ ಕಲಿಸುವುದೇಕೆ? ಅದನ್ನು ನಮ್ಮ ಕಾಲೇಜಿನ ಹಾಕಿ ಆಟದ ತಂಡಕ್ಕೆ ಕೊಡೋಣ. ಪಾಪ, ಅವರು ಪ್ರತಿವರ್ಷ ಸೋಲುತ್ತಾರೆ."

ಕೋಚ್ ಮುಖದ ಬಣ್ಣ ಇಳಿಯಿತು. ನನಗೆ ಚಳಿಯಲ್ಲಿ ನಡುಗುವ ಆ ಹುಡುಗಿಯರು ನೆನಪಾದರು.

"ಸರ್, ನಾವೂ ಸೋತಿದ್ದೇವೆ!" ಕೋಚ್ ಎದ್ದು ನಿಂತೇಬಿಟ್ಟರು. "ಹೀನಾಯವಾಗಿ ಸೋತಿದ್ದೇವೆ! ನನಗೆ ಕೋಚಿಂಗೇ ಬರುವುದಿಲ್ಲ ಸರ್!"

ಅಧ್ಯಕ್ಷರು ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ಸಮಿತಿಯ ಕಡೆ ತಿರುಗಿದರು.

"ನೋಡಿದಿರಾ? ಇಷ್ಟು ಗೆದ್ದ ಮನುಷ್ಯನಿಗೆ ಎಷ್ಟೊಂದು ವಿನಯ!"