ಮೂರು ಸಲ ಕೂಗಿದ ಮೇಲೆ

ರೈಸ್‌ಮಿಲ್ಲಿನಲ್ಲಿ ಸೇಫ್ಟಿ ನೋಡಿಕೊಳ್ಳೋ ಕೆಲಸ ಸಿಕ್ಕವನು ನಗೋಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಹರಿಹರ ರಸ್ತೆಯ ನಮ್ಮ ಮಿಲ್ಲಿನಲ್ಲಿ ವಾರಕ್ಕೊಂದಾದರೂ ನಗೋ ಪ್ರಸಂಗ ಆಗೇ ಆಗ್ತದೆ. ತೊಂದರೆ ಏನಂದ್ರೆ, ಸಂಜೆ ನಿಟ್ಟುವಳ್ಳಿಯ ಮನೆಗೆ ಬಂದು ಬೀಗ ತೆಗೆದ ಮೇಲೆ ಅದನ್ನ ಹೇಳ್ಕೊಂಡು ನಗೋಕೆ ನನಗೆ ಯಾರೂ ಇಲ್ಲ. ಮನೆಯಾಕೆ ತೀರಿಕೊಂಡು ನಾಲ್ಕು ವರ್ಷವಾಯ್ತು, ಮಕ್ಕಳಿಲ್ಲ. ಅದಕ್ಕೆ ನಿಮ್ಮ ಮುಂದೆ ಹೇಳ್ತೀನಿ, ಕೇಳ್ರಿ.

೧. ಅರ್ಧ ಗಂಟೆಯ ಭಾಷಣ

ಬಿಹಾರದಿಂದ ಇಪ್ಪತ್ತು ಜನ ಕೆಲಸಕ್ಕೆ ಬಂದಿದ್ರು. ಅವರಿಗೆ ಕನ್ನಡ ಬರಲ್ಲ, ನನಗೆ ಹಿಂದಿ ಬರಲ್ಲ. "ನಿಯಮ ಅಷ್ಟು ಹೇಳಿಬಿಡ್ರಿ" ಅಂತ ಮಾಲೀಕರು ಹೇಳಿ ಕಾರು ಹತ್ತಿ ಹೋದ್ರು. ಸರಿ, ಅರ್ಧ ಗಂಟೆ ಕನ್ನಡದಲ್ಲೇ ಹೇಳಿದೆ. ಬೆಲ್ಟಿಗೆ ಕೈ ಸಿಕ್ಕರೆ ಏನಾಗ್ತದೆ, ಚೀಲದ ರಾಶಿ ಮೈಮೇಲೆ ಜಾರಿದರೆ ಏನಾಗ್ತದೆ, ಎಲ್ಲ ಅಭಿನಯಿಸಿ ತೋರಿಸಿದೆ. ಒಬ್ಬರೂ ಅಲ್ಲಾಡಲಿಲ್ಲ. ಒಬ್ಬ ಹಿರಿಯ ಟವಲಿನಿಂದ ಕಣ್ಣು ಒರೆಸಿಕೊಂಡ. ಮನೆಯಾಕೆ ಹೋದ ಮೇಲೆ ನನ್ನ ಮಾತನ್ನ ಅಷ್ಟು ಹೊತ್ತು ಯಾರೂ ಕೇಳಿರಲಿಲ್ಲ. ನನಗಂತೂ ಹೊಟ್ಟೆ ತುಂಬಿದ ಹಂಗಾಯ್ತು.

ಮಧ್ಯಾಹ್ನ ಹಿಂದಿ ಬಲ್ಲ ನಮ್ಮ ಕ್ಲರ್ಕು ಆ ಹಿರಿಯನನ್ನ ಕೇಳಿದ, "ಸರ್ ಏನು ಹೇಳಿದ್ರು?"

"ಪಾಪ, ಅವರ ಮನೆಯಲ್ಲಿ ಯಾರೋ ಹೋಗಿಬಿಟ್ಟಿದಾರೆ. ಬಹಳ ಹೊತ್ತು ಗೋಳಾಡಿದ್ರು. ನಾವೂ ಏನು ಮಾಡೋಣ, ಕೂತು ಕೇಳಿದ್ವಿ."

ಅದು ಪೂರ್ತಿ ತಪ್ಪು ಅಂತಾನೂ ಹೇಳಂಗಿಲ್ಲ.

೨. ಹೆಲ್ಮೆಟ್ಟಿನ ಉಪಯೋಗ

ಹಳದಿ ಹೆಲ್ಮೆಟ್ಟು ತರಿಸಿ ಹಂಚಿದೆ. ಸಂಜೆ ಹೋಗಿ ನೋಡಿದ್ರೆ ಯಾರ ತಲೆ ಮೇಲೂ ಇಲ್ಲ. ಎಲ್ಲರೂ ಸಾಲಾಗಿ ಕೂತು ಹೆಲ್ಮೆಟ್ಟು ಅಂಗಾತ ತಿರುಗಿಸಿ, ಅದರ ತುಂಬ ಒಗ್ಗರಣೆ ಮಂಡಕ್ಕಿ ಸುರ್ಕೊಂಡು, ಮಿರ್ಚಿ ಕಡೀತಿದಾರೆ. ದಾವಣಗೆರೆಗೆ ಬಂದು ವಾರವಾಗಿಲ್ಲ, ಇದನ್ನ ಮಾತ್ರ ಯಾರೂ ಕಲಿಸಬೇಕಾಗಿರಲಿಲ್ಲ! ಬೈಯೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಒಬ್ಬ ನನ್ನ ಹೆಲ್ಮೆಟ್ಟನ್ನೂ ಇಸ್ಕೊಂಡು ತುಂಬಿಸಿ ಕೈಗೆ ಕೊಟ್ಟ, ಇನ್ನೊಬ್ಬ ಸರಿದು ಜಾಗ ಬಿಟ್ಟ. ಜೊತೆಗೆ ಕೂತು ತಿನ್ರಿ ಅಂತ ಯಾರಾದರೂ ಕರೆದು ಎಷ್ಟು ದಿನವಾಗಿತ್ತು. ಕೂತುಬಿಟ್ಟೆ.

ಹಾಳಾದ್ದು, ಆಗಲೇ ಮಾಲೀಕರ ಕಾರು ಬರಬೇಕಾ? ಅಭ್ಯಾಸಬಲ ನೋಡ್ರಿ, ದಡಕ್ಕನೆ ಎದ್ದು ನಿಂತು ಹೆಲ್ಮೆಟ್ಟು ತಲೆಗೆ ಹಾಕ್ಕೊಂಡೆ. ಮೂರು ದಿನ ತಲೆ ಬಾಚಿದಾಗೆಲ್ಲ ಸಾಸಿವೆ ಉದುರ್ತಿತ್ತು.

೩. ಆಪಾನ ಸಂಪು

ಹೆಲ್ಮೆಟ್ಟು ಹಂಗಿರಲಿ, ನನ್ನ ನಿದ್ದೆಗೆಡಿಸಿದ್ದು ಮಿಲ್ಲಿನ ಆಳದ ಗುಂಡಿ. ಭತ್ತ, ಹೊಟ್ಟು ಕೊಳೆತು ಅದರಲ್ಲಿ ಕೆಟ್ಟ ಗಾಳಿ ತುಂಬ್ತದೆ. ಹಿಂದೆ ನಾನಿದ್ದ ಮಿಲ್ಲಿನಲ್ಲಿ ಒಬ್ಬ ಇಳಿದು ಬಿದ್ದ. ಅವನನ್ನ ಎತ್ತೋಕೆ ಅಂತ ಇನ್ನೊಬ್ಬ ಧುಮುಕಿದ. ಮೇಲೆ ತಂದಾಗ ಇಬ್ಬರಲ್ಲೂ ಜೀವ ಇರಲಿಲ್ಲ. ಈ ಇಪ್ಪತ್ತು ಜನಕ್ಕೆ ಅದನ್ನ ಹೆಂಗೆ ತಿಳಿಸಲಿ?

ಅವರೆಲ್ಲ ಬಾಡಿಗೆಗಿದ್ದದ್ದು ಆವರಗೆರೆಯಲ್ಲಿ. ಆ ಓಣಿಯಲ್ಲಿ ಹೊಲಿಗೆ ಮಾಡೋ ಒಬ್ಬಾಕೆ, ಎಲ್ಲರಿಗೂ ಆಪಾ, ಅಂದ್ರೆ ಅಕ್ಕ. ಉರ್ದು, ಕನ್ನಡ ಎರಡೂ ನೀರು ಕುಡಿದಂಗೆ. ಹೋಗಿ ಕೈ ಮುಗಿದೆ.

"ನಿಮ್ಮ ಭಾಷಣ ಬಿಡ್ರಿ ಸರ್. ಭಾನುವಾರ ನಮ್ಮ ಅಂಗಳಕ್ಕೆ ಬರ್ರಿ, ಹಗ್ಗ ತರ್ರಿ" ಅಂದ್ಲು.

ಹೋದೆ. ಓಣಿಯವರೂ ಸೇರಿದ್ರು. ಆಪಾ ತನ್ನ ಮನೆಯ ನೀರಿನ ಸಂಪು ಖಾಲಿ ಮಾಡಿಸಿ, ನನ್ನ ಸೊಂಟಕ್ಕೇ ಹಗ್ಗ ಕಟ್ಟಿಸಿ ಒಳಗೆ ಇಳಿಸಿದ್ಲು! ನಿಯಮ ಮೂರೇ. ಹೊರಗಿನವನು ಹೆಸರು ಕೂಗ್ತಾ ಇರಬೇಕು, ಒಳಗಿನವನು ಓ ಅನ್ನಬೇಕು. ಮೂರು ಕೂಗಿಗೂ ಓ ಬರದಿದ್ರೆ ಜನ ಸೇರಿಸಿ ಹಗ್ಗ ಎಳೀಬೇಕು. ಏನೇ ಆದ್ರೂ ಒಳಗೆ ಕಾಲಿಡಂಗಿಲ್ಲ.

"ಸರ್ ಹೆಸರೇನ್ರಿ?"

"ರುದ್ರಪ್ಪ."

ಹಿರಿಯ "ರುದ್ರಪ್ಪ ಜೀ" ಅಂತ ಮೆಲ್ಲಗೆ ಶುರು ಮಾಡಿದ. ಆಪಾ ರೇಗಿದ್ಲು, "ಒಳಗಿರೋನು ಸಾಯ್ತಿರ್ತಾನೆ, ಅವನಿಗೆ ಜೀ ಯಾಕ? ಗಂಟಲು ತೆಗೆದು ಕೂಗು!"

"ರುದ್ರಪ್ಪಾ!"

ಮಿಲ್ಲಿನಲ್ಲಿ ನಾನು ಸೇಫ್ಟಿ ಸರ್. ಮನೆಯಾಕೆ ಬದುಕಿದ್ದಾಗ 'ಏನ್ರೀ' ಅಂತಿದ್ಲು. ಹೆಸರು ಹಿಡಿದು ಕರೆಯೋರು ಅವ್ವನ ಜೊತೆಗೇ ಹೋಗಿದ್ರು. ಸಂಪಿನ ತಳದಲ್ಲಿ ನಿಂತು ಆ ಕೂಗು ಕೇಳ್ತಾ ಕೇಳ್ತಾ ಓ ಅನ್ನೋದೇ ಮರೆತೆ. ಮೂರನೇದು ಮುಗಿದದ್ದೇ ತಡ, ಇಪ್ಪತ್ತು ಹಮಾಲರು ಒಟ್ಟಿಗೆ ಎಳೆದ್ರು. ಪಾಠ ಚೆನ್ನಾಗಿ ತಲೆಗೆ ಹತ್ತಿತ್ತು, ನನ್ನ ಪ್ಯಾಂಟು ಮಾತ್ರ ಸಂಪಿನ ಅಂಚಿಗೆ ಸಿಕ್ಕು ಹರೀತು. ಆಪಾ ಅಲ್ಲೇ ಹೊಲಿದುಕೊಟ್ಲು.

೪. ನಿಟ್ಟುವಳ್ಳಿಯ ಗುಂಡಿ

ಆಮೇಲೆ ಪ್ರತಿ ಭಾನುವಾರ ಆಪಾನ ಅಂಗಳದಲ್ಲಿ ಪಾಠ. ಒಂದು ಶನಿವಾರ ನನಗೆ ಕೆಂಡದಂಥ ಜ್ವರ ಬಂತು. ಫೋನು ಚಾರ್ಜಿಲ್ಲದೆ ಸತ್ತಿತ್ತು, ಎದ್ದು ಚಾರ್ಜಿಗೆ ಹಚ್ಚೋಕೂ ತ್ರಾಣವಿರಲಿಲ್ಲ. ಒಂದು ಲೋಟ ನೀರು ಕೊಡೋರಿಲ್ಲ. ಇಲ್ಲೇ ಹೋಗಿಬಿಟ್ರೆ ಯಾರಿಗೆ ಗೊತ್ತಾಗ್ತದೆ ಅಂತ ಸೂರು ನೋಡ್ತಾ ಮಲಗಿದ್ದೆ. ಅಳು ಬಂತು, ಅತ್ತೆ.

ಭಾನುವಾರ ಬೆಳಿಗ್ಗೆ ಜ್ವರ ಇಳೀತು. ಬಚ್ಚಲಿಗೆ ಹೋಗಿ ಬಿಸಿನೀರು ಸುರ್ಕೊಳ್ತಾ ಸೋಪು ಹಚ್ಚಿದ್ದೆ. ನೀರಿನ ಸದ್ದಿಗೆ ಹೊರಗಿಂದೇನೂ ಕೇಳಿಸಲಿಲ್ಲ. ನಲ್ಲಿ ನಿಲ್ಲಿಸಿದ್ರೆ ಬೀದಿಯಲ್ಲಿ ಜಾತ್ರೆಯಂಥ ಗದ್ದಲ. ಟವಲು ಸುತ್ಕೊಂಡು, ಮುಖದ ತುಂಬ ನೊರೆ ಇಟ್ಕೊಂಡೇ ಬಾಗಿಲು ತೆಗೆದೆ.

ಗೂಡ್ಸ್ ಆಟೋ ನಿಂತಿದೆ. ಇಪ್ಪತ್ತೂ ಜನ ಇದಾರೆ, ಆಪಾ ಇದಾಳೆ, ಅರ್ಧ ನಿಟ್ಟುವಳ್ಳಿ ಇದೆ. ಪಕ್ಕದ ಮನೆಯವರು ಹಾರೆ ಹಿಡಿದು "ಬಾಗಿಲು ಮೀಟ್ರಿ, ಒಳಗೆ ನುಗ್ರಿ!" ಅಂತಿದಾರೆ. ಹಿರಿಯ ಹೊಸ್ತಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿ ಹಿಂದಿಯಲ್ಲಿ ಅಬ್ಬರಿಸ್ತಿದಾನೆ.

"ಏನಂತಾನೆ ಇವನು?" ಅಂತ ಪಕ್ಕದವರು ಕೇಳಿದ್ರು.

"ಒಳಗಿನ ಗಾಳಿ ಹೆಂಗೈತೋ ನೋಡದೆ ಯಾರೂ ಕಾಲಿಡಂಗಿಲ್ಲ ಅಂತಾನೆ" ಅಂದ್ಲು ಆಪಾ. ಆಮೇಲೆ ನನ್ನ ಕಡೆ ತಿರುಗಿ, "ಪಾಠಕ್ಕ ಬರಲಿಲ್ಲ, ಫೋನೂ ಹತ್ತಲಿಲ್ಲ ಅಂತ ಓಡಿ ಬಂದು ಮೂರು ಸಲ ಕೂಗಿದ್ವಿ! ಓ ಅನ್ನಾಕ ಏನು ದಾಡಿ ನಿಮಗೆ? ಜೀವ ಬಾಯಿಗೆ ಬಂದಿತ್ತಲ್ರಿ!" ಅಂತ ಬೈದು ಸೆರಗಿನಿಂದ ಕಣ್ಣು ಒತ್ಕೊಂಡ್ಲು.

"ಓ" ಅಂದೆ.

ಅಷ್ಟಕ್ಕೇ ಬಿಟ್ಟರಾ? ಗುಂಡಿಯಿಂದ ಹೊರಗೆ ಬಂದವನನ್ನ ಬಯಲಲ್ಲಿ ಕೂರಿಸಿ ನೀರು ಕುಡಿಸಿ ಅರ್ಧ ಗಂಟೆ ಅಲ್ಲಾಡಿಸಬಾರದು ಅಂತ ನಾನೇ ಕಲಿಸಿದ್ದೆ. ಟವಲು, ನೊರೆ ಸಮೇತ ಕಟ್ಟೆ ಮೇಲೆ ಕೂರಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಇಡೀ ಓಣಿ ನೋಡೋ ಹಂಗೆ ಕಾದ್ರು. ನಾಲ್ಕು ವರ್ಷದಲ್ಲಿ ಒಂದು ಮಾತೂ ಆಡದ ಪಕ್ಕದ ಮನೆಯಾಕೆ ಗಂಜಿ ತಂದುಕೊಟ್ಟು, "ನಿಮ್ಮ ಹೆಸರು ರುದ್ರಪ್ಪ ಅಂತಾನ್ರಿ?" ಅಂದ್ಲು.

ಈಗ ದಿನಾ ಬೆಳಿಗ್ಗೆ ಹಿರಿಯ ಕೆಲಸಕ್ಕೆ ಹೋಗುವಾಗ ನನ್ನ ಮನೆ ಮುಂದೆ ಸೈಕಲ್ ನಿಲ್ಲಿಸಿ "ರುದ್ರಪ್ಪಾ!" ಅಂತಾನೆ. ಬಾಗಿಲ ಹಿಂದೆಯೇ ನಿಂತಿರ್ತೀನಿ, ಆದ್ರೂ ಮೊದಲನೇದಕ್ಕೆ ಓ ಅನ್ನಲ್ಲ. ಎರಡನೇದಕ್ಕೂ ಅನ್ನಲ್ಲ. ಮೂರನೇದಕ್ಕೆ ಮಾತ್ರ ತಪ್ಪಿಸೋ ಹಂಗಿಲ್ಲ, ಸೈಕಲ್ಲಿನ ಹಿಂದೆ ಹಗ್ಗ ಕಟ್ಕೊಂಡೇ ಬಂದಿರ್ತಾನೆ.