ಚರ್ಚಿನ ಪಡಸಾಲೆಯಲ್ಲಿ ನಾನು ಕಟ್ಟಿದ ಜೋಳಿಗೆ

ಕೂಸಿನ ಅಳು ಎಂಬುದು ವ್ಯವಸ್ಥೆಯ ಕೊರತೆಯಿಂದ ಹುಟ್ಟುವ ಸಮಸ್ಯೆ ಎಂದು ನಾನು ಆಗ ದೃಢವಾಗಿ ನಂಬಿದ್ದೆ. ನಾನು ಹಿರೇಕೆರೂರಿನ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರ. ಬೋರ್ಡಿಂಗಿನಲ್ಲಿ ಬೆಳೆದವನು. ಗಂಟೆಯಾದರೆ ಏಳುವುದು, ಗಂಟೆಯಾದರೆ ಉಣ್ಣುವುದು, ಗಂಟೆಯಾದರೆ ಮಲಗುವುದು. ಹಸಿವು, ನಿದ್ದೆಗಳು ಕೂಡ ನನ್ನ ಅಪ್ಪಣೆ ಕೇಳಿಯೇ ಬರುತ್ತಿದ್ದವು. ಸಾಲದ್ದಕ್ಕೆ ಅದು ತುರ್ತು ಪರಿಸ್ಥಿತಿಯ ಕಾಲ. ಬಸ್ಸಿನ ಬೆನ್ನಿನ ಮೇಲೂ ಶಿಸ್ತಿನ ಬರಹ! ಅಂತೂ ದೇಶ ನನ್ನ ದಾರಿಗೆ ಬಂತು ಎಂದು ಹಿಗ್ಗಿದ್ದೆ.

ದಾರಿಗೆ ಬಾರದೆ ಉಳಿದದ್ದು ನಮ್ಮ ಚರ್ಚಿನ ಕೂಸುಗಳು ಮಾತ್ರ.

ನಮ್ಮದು ಸಣ್ಣ ಸಭೆ. ಜಮಖಾನದ ಮೇಲೆ ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ಸಭೆಯ ಹಿರಿಯನಾದ ನಾನು ಎಲ್ಲರಿಗಿಂತ ಮುಂದೆ. ಪಡಸಾಲೆಯ ತೊಲೆಗೆ ತೂಗುಹಾಕಿದ ಗಂಟೆಯನ್ನು ಬಾರಿಸುವ ಹೊಣೆಯೂ ನನ್ನದೇ. ಆ ವರ್ಷ ಹಂಸಭಾವಿಯಿಂದ ಸಮುವೇಲಪ್ಪ, ಶಾಂತವ್ವ ಎಂಬ ಎಳೆಯ ಗಂಡ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಬರತೊಡಗಿದರು. ನಮ್ಮ ಪಾದ್ರಿ ಅಯ್ನೋರು ಪ್ರಸಂಗ ಶುರುಮಾಡಿದರೆ ಈ ದಂಪತಿಯ ಕಿರಿಯ ಕೂಸೂ ಶುರುಮಾಡುತ್ತಿತ್ತು. ನಾನು ತಿರುಗಿ ನೋಡುತ್ತಿದ್ದೆ. ಶಾಲೆಯಲ್ಲಿ ಆ ನೋಟಕ್ಕೆ ಇಡೀ ಸಾಲು ನೆಟ್ಟಗಾಗುತ್ತಿತ್ತು. ಕೂಸು ಮಾತ್ರ ಇನ್ನಷ್ಟು ದನಿ ಏರಿಸುತ್ತಿತ್ತು! ಶಾಂತವ್ವ ತಲೆ ತಗ್ಗಿಸಿ, ಅದನ್ನೆತ್ತಿಕೊಂಡು ಹೊರಗೆ ಹೋಗುತ್ತಿದ್ದಳು.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಸಮುವೇಲಪ್ಪ ಅಯ್ನೋರಿಗೆ ಹೇಳಿಯೇಬಿಟ್ಟ. "ಇಕಿ ಬರೇ ಪಡಸಾಲ್ಯಾಗ ನಿಂತು ಹೊಳ್ಳಿ ಹೋಗೂದಾದ್ರ ಬಸ್ಸಿನ ತ್ರಾಸು ಯಾಕ್ರಿ? ಮುಂದಿನ ವಾರ ಒಂದ ನೋಡ್ತೇವಿ. ಹಿಂಗ ಆದ್ರ ಇನ್ನ ಬರೂದಿಲ್ಲ."

ಅಯ್ನೋರು ನನ್ನನ್ನು ಕರೆದರು. "ಮಾಸ್ತರ, ಆ ಮಂದಿ ಬಿಟ್ಟು ಹೋಗಬಾರದು. ಏನಾರ ಮಾಡ್ರಿ."

ನೀವು ತಿರುಗಿ ನೋಡುವುದನ್ನು ಬಿಡಿ ಎಂಬುದಷ್ಟೇ ಅವರ ಮನಸ್ಸಿನಲ್ಲಿದ್ದದ್ದಂತೆ. ಆದರೆ 'ಏನಾರ ಮಾಡ್ರಿ' ಎಂದು ನನ್ನಂಥವನಿಗೆ ಯಾರೂ ಹೇಳಬಾರದು!

ಮನೆಗೆ ಬಂದು ನನ್ನ ಯೋಜನೆಯನ್ನು ಹೆಂಡತಿ ಸುಶೀಲಾಳ ಮುಂದೆ ಮಂಡಿಸಿದೆ. ಪಡಸಾಲೆಯಲ್ಲಿ ಹಳೆ ಸೀರೆಯ ಜೋಳಿಗೆ ಕಟ್ಟುವುದು. ಕೂಸು ಅದರಲ್ಲಿ ಮಲಗುವುದು. ತಾಯಿ ಒಳಗೆ ಕುಳಿತು ದೇವರ ವಾಕ್ಯ ಕೇಳುವುದು.

"ತೂಗೂದು ಯಾರು?"

"ನಾನ!"

"ನಮ್ಮ ಮಕ್ಕಳನ್ನ ಒಮ್ಮೆರ ತೂಗೀರೇನ್ರಿ?"

"ಅವು ಶಿಸ್ತಿನ ಮಕ್ಕಳು. ನಾ ಮನಿಗೆ ಬರೂದ್ರಾಗ ಮಲಗಿರತಿದ್ದುವು."

"ಹೌದಲ್ಲ, ತಾವ ಮಲಗತಿದ್ದುವು ಪಾಪ!" ಎಂದು ಅವಳು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು. ಆ ಸಪ್ಪಳದಲ್ಲಿ ನನ್ನ ಮೇಲಿನ ಅಭಿಪ್ರಾಯವೂ ಸೇರಿತ್ತು.

ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲೇ ಹೋಗಿ ತೊಲೆಗೆ ಜೋಳಿಗೆ ಕಟ್ಟಿದೆ. ಅಷ್ಟರಲ್ಲಿ ಗಂಟೆಯ ಹಗ್ಗ ಕಣ್ಣಿಗೆ ಬಿತ್ತು. ಮಕ್ಕಳು ಬಂದು ಇದನ್ನು ಜಗ್ಗಿದರೆ? ಮುನ್ನೆಚ್ಚರಿಕೆ ಎಂದರೆ ನಾನು! ಗಂಟೆ ಬಾರಿಸುವ ಕೆಲಸ ಮುಗಿದೊಡನೆ ಆ ಹಗ್ಗವನ್ನು ಮೇಲೆತ್ತಿ, ಮಕ್ಕಳ ಕೈಗೆ ಸಿಗದಂತೆ, ಜೋಳಿಗೆಯ ಹಗ್ಗಕ್ಕೇ ಬಿಗಿಯಾಗಿ ಗಂಟು ಹಾಕಿದೆ. ಸ್ಕೌಟಿನಲ್ಲಿ ಕಲಿತ ಗಂಟು. ಬಿಚ್ಚುವ ಮಾತೇ ಇಲ್ಲ.

ಶಾಂತವ್ವ ಅನುಮಾನಿಸುತ್ತಲೇ ಕೂಸನ್ನು ಮಲಗಿಸಿದಳು. "ಎದ್ರ ಕರೀರಿ, ಮಾಸ್ತರ."

"ಏಳೂದಿಲ್ಲವಾ, ನೀ ನಡಿ."

ಹಾಡು ಮುಗಿಯಿತು, ಪ್ರಾರ್ಥನೆ ಮುಗಿಯಿತು. ಮೆಲ್ಲಗೆ ತೂಗಿದಷ್ಟು ಕಾಲ ಎಲ್ಲವೂ ಸರಿಯಿತ್ತು. ಪ್ರಸಂಗ ಶುರುವಾದೊಡನೆ ಕೂಸು ಮುಲುಗಿತು. ನಾನು ಕೊಂಚ ಜೋರಾಗಿ ತೂಗಿದೆ.

ಢಣ್!

ಜೋಳಿಗೆಯ ಜೊತೆ ತಲೆಯ ಮೇಲಿನ ಗಂಟೆಯೂ ತೂಗುತ್ತಿತ್ತು. ಗಂಟು ಬಿಚ್ಚಲು ನೋಡಿದೆ. ಕೂಸಿನ ಭಾರಕ್ಕೆ ಅದು ಕಲ್ಲಾಗಿತ್ತು. ತೂಗುವುದನ್ನು ನಿಲ್ಲಿಸಿದೆ. ಕೂಸು ಬಾಯಿ ತೆರೆಯಿತು! ಅಳು ಒಳಗೆ ಕೇಳಿಸಿದರೆ ಶಾಂತವ್ವ ಹೊರಗೆ ಬರುತ್ತಾಳೆ. ಅವಳು ಹೊರಗೆ ಬಂದರೆ ಹಂಸಭಾವಿಯ ಆ ಸಂಸಾರ ಕೈಬಿಟ್ಟಂತೆಯೇ. ಆದದ್ದಾಗಲಿ ಎಂದು ಮತ್ತೆ ತೂಗಿದೆ, ಸದ್ದು ಕಡಿಮೆಯಾಗಲೆಂದು ಬಹಳ ನಿಧಾನವಾಗಿ. ಢಣ್... ಢಣ್... ಕೂಸಿಗೆ ಅದು ಬಹಳ ಹಿಡಿಸಿತು. ಕಣ್ಣು ಮುಚ್ಚಿತು.

ಒಂದೊಂದೇ ಪೆಟ್ಟಾಗಿ, ನಿಧಾನವಾಗಿ ಗಂಟೆ ಬಾರಿಸಿದರೆ ನಮ್ಮ ಸಭೆಯಲ್ಲಿ ಯಾರೋ ತೀರಿಕೊಂಡರೆಂದು ಅರ್ಥ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಹಾಗೆ ಬಾರಿಸುವವನೂ ನಾನೇ!

ಒಳಗೆ ಅಯ್ನೋರು ಪ್ರಸಂಗ ನಿಲ್ಲಿಸಿದರು. ಎಲ್ಲರೂ ಎದ್ದು ನಿಂತರು. ಎಲ್ಲರ ಕಣ್ಣೂ ಎಂದೂ ಖಾಲಿಯಿರದ ನನ್ನ ಜಾಗದ ಮೇಲೆ ಬಿತ್ತು. ಅದು ಖಾಲಿ! ಯಾರೋ ಕಿಟಕಿಯಿಂದ ಹೊರಗೆ ಇಣುಕಿ, "ಮಾಸ್ತರಿಗೆ ಏನೋ ಆಗೇತಿ" ಎಂದರು. ಆ ಮಾತು ರಸ್ತೆ ದಾಟುವುದರೊಳಗೆ ನಾನು ತೀರಿಕೊಂಡಿದ್ದೆ.

ಎದುರಿನ ಚಹಾದಂಗಡಿಯ ಚನ್ನಬಸಪ್ಪ ಪೂಜೆಗೆ ತಂದಿಟ್ಟಿದ್ದ ಹಾರ ಹಿಡಿದು ಓಡಿಬಂದ. ಹಿಂದೆ ಓಣಿಯ ಹೆಂಗಸರು, ಅವರ ಕಂಕುಳಲ್ಲಿ ಕೂಸುಗಳು. "ಮುಂಜಾನಿ ಚಾ ಕುಡದು ಹೋಗಿದ್ರಲ್ಲೋ ಮಾಸ್ತರ!" ಎಂದು ಕಂಬದ ಆಚೆಯಿಂದಲೇ ಹಲುಬಿದ.

ನಾನು ಕಂಬದ ಮರೆಯಿಂದ ತಲೆ ಹೊರಗೆ ಹಾಕಿದೆ. "ಚನ್ನಬಸಪ್ಪ, ಮೆತ್ತಗ ಮಾತಾಡ್ರಿ. ಕೂಸು ಮಲಗೇತಿ."

ಅವನು ಹಾರದ ಸಮೇತ ಮೆಟ್ಟಿಲಿಳಿದು ನಿಂತ!

ಅಷ್ಟರಲ್ಲಿ ಒಳಗಿನವರೆಲ್ಲ ಬಾಗಿಲಿಗೆ ಬಂದರು. ಎಲ್ಲರಿಗಿಂತ ಮುಂದೆ ಸುಶೀಲಾ. ಸೆರಗು ಆಗಲೇ ಕಣ್ಣಿಗೆ ಹೋಗಿತ್ತು. ನನ್ನನ್ನು ನೋಡಿದಳು, ಜೋಳಿಗೆಯನ್ನು ನೋಡಿದಳು, ಹಗ್ಗವನ್ನು ನೋಡಿದಳು. ಸೆರಗು ಕೆಳಗಿಳಿಯಿತು.

"ಅಕ್ಕಾರ, ಈ ಹಾರ ಏನ್ ಮಾಡ್ಲಿ?" ಎಂದ ಚನ್ನಬಸಪ್ಪ.

"ಹಾಕಿಬಿಡ್ರಿ. ಹೆಂಗೂ ಬಂದೀರಿ."

ಶಾಂತವ್ವ ಮುಂದೆ ಬಂದು ಜೋಳಿಗೆಯಿಂದ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಅದು ಕಣ್ಣೂ ತೆರೆಯಲಿಲ್ಲ. "ಎತ್ತಿಕೊಂಡಿದ್ರ ಆಗತಿತ್ತಲ್ರಿ, ಮಾಸ್ತರ!" ಎಂದು ನಗತೊಡಗಿದಳು. ನಮ್ಮ ಚರ್ಚಿನಲ್ಲಿ ಅವಳು ನಕ್ಕದ್ದನ್ನು ಅದೇ ಮೊದಲು ನೋಡಿದೆ. ಎತ್ತಿಕೊಳ್ಳುವುದು! ಇಂಥ ಉಪಾಯ ನನ್ನ ಯೋಜನೆಯಲ್ಲಿ ಎಲ್ಲಿಯೂ ಇರಲಿಲ್ಲ.

"ಇವತ್ತ ಯಾರೂ ಹೊರಗ ಇರೂದು ಬ್ಯಾಡ," ಎಂದರು ಅಯ್ನೋರು. "ಕೂಸುಗಳನ್ನ ಕರಕೊಂಡು ಎಲ್ಲಾರೂ ಒಳಗ ಬರ್ರಿ. ಅತ್ತರ ಅಳಲಿ, ನಾ ದನಿ ಏರಿಸ್ತೇನಿ."

ನನ್ನ ಸಾವಿಗೆ ಬಂದವರೂ ಜಮಖಾನದ ಮೇಲೆ ಕುಳಿತರು. ಒಂದು ಕೂಸು ಅತ್ತಿತು, ಒಂದು ಹಾರದ ಹೂ ಕಿತ್ತಿತು, ಸಮುವೇಲಪ್ಪನ ಹಿರಿಯ ಮಗ ಅಯ್ನೋರ ನಿಲುವಂಗಿಯ ತುದಿ ಹಿಡಿದು ನಿಂತ. ಅಯ್ನೋರು ದನಿ ಏರಿಸಿದರು. ಅಷ್ಟೇ! ಆಕಾಶ ಕಳಚಿ ಬೀಳಲಿಲ್ಲ. ಶಾಂತವ್ವ ಪ್ರಸಂಗವನ್ನು ಕೊನೆಯವರೆಗೂ ಕೇಳಿದಳು.

ಕಡೆಯ ಹಾಡಿಗೆ ಏಳುವಾಗ ಅವಳು ನನ್ನ ಮೇಲೆ ಕರುಣೆಯಿಟ್ಟು ಕೂಸನ್ನು ನನ್ನ ಕೈಗೆ ಕೊಟ್ಟಳು. ಅದು ನನ್ನ ಮುಖ ನೋಡಿ ನಕ್ಕಿತು. ನಾನು ಗೆದ್ದೆನೆಂದುಕೊಂಡು ಎದೆಯುಬ್ಬಿಸಿ, ಎಂದಿನಂತೆ ಎಲ್ಲರಿಗಿಂತ ಗಟ್ಟಿಯಾಗಿ ಹಾಡು ಎತ್ತಿದೆ. ಕೂಸು ಬೆಚ್ಚಿಬಿದ್ದು, ಅಂದಿನವರೆಗೆ ಎಂದೂ ಅಳದಂತೆ ಅತ್ತಿತು. ನಾನು ನಿಲ್ಲಿಸಿದೆ, ಅದೂ ನಿಲ್ಲಿಸಿತು. ಮತ್ತೆ ಎತ್ತಿದೆ, ಅದೂ ಎತ್ತಿತು!

ಬಸ್ಸಿಗೆ ಹೊರಟು ನಿಂತ ಸಮುವೇಲಪ್ಪ ನನ್ನ ಕೈ ಹಿಡಿದುಕೊಂಡ. "ಮುಂದಿನ ವಾರ ಬರ್ತೇವ್ರಿ ಮಾಸ್ತರ. ನೀವು ಮಾತ್ರ ಹಾಡಬ್ಯಾಡ್ರಿ."

ಅವರು ಬಂದರು. ನಾನು ಹಾಡಲಿಲ್ಲ. ಆರಾಧನೆ ಮುಗಿದ ಮೇಲೆ ಸಭೆಯವರು ಒಬ್ಬೊಬ್ಬರಾಗಿ ಬಂದು ಕೂಸಿನ ಕೆನ್ನೆ ಸವರಿ, ಕೈಗೆ ಬೆಲ್ಲದ ಚೂರು, ಪೆಪ್ಪರಮೆಂಟು ಇಟ್ಟು ಹೋದರು. ಎಂಥ ಪ್ರೀತಿ ಎಂದು ನಾನು ಬೆರಗಾದೆ.

"ಪ್ರೀತಿ ಅಲ್ರಿ," ಎಂದಳು ಸುಶೀಲಾ. "ನಿಮ್ಮ ಹಾಡು ನಿಲ್ಲಿಸಿದ್ದಕ್ಕ ಉಪಕಾರ!"