ಅತ್ತೆಯ ಎಕ್ಸ್‌ರೇ ಪ್ರಸಂಗ

ವೈದ್ಯಕೀಯ ತಪಾಸಣೆಗೆ ತಾಲೀಮು ನಡೆಸಿ, ಬೆವರು ಸುರಿಸಿ, ಸನ್ನದ್ಧರಾಗಿ ಹೋದವರು ಈ ಭೂಮಂಡಲದಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಅತ್ತೆ ಮಾತ್ರ! ಜನ ಕಾಯಿಲೆ ಬಂದಾಗ ಆಸ್ಪತ್ರೆಗೆ ಹೋಗುತ್ತಾರೆ. ನಮ್ಮ ಅತ್ತೆ ಕಾಯಿಲೆ ಇಲ್ಲವೆಂದು ಸಾಧಿಸಲು ಹೋದರು. ಅದೂ ಎಂಥ ವಯಸ್ಸಿನಲ್ಲಿ? ಅರವತ್ತು ದಾಟಿದ ಮೇಲೆ. ಅದೂ ಯಾತಕ್ಕೆ? ಗಂಡನ ಮನೆಗೆ ಹೋಗಲು!

ಗಾಬರಿಯಾಗಬೇಡಿ, ಬಿಡಿಸಿ ಹೇಳುತ್ತೇನೆ. ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ (ಅವರ ಬಗ್ಗೆ ಬರೆಯುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ). ಇವರು ನನ್ನ ಅಪ್ಪನ ತಂಗಿ. ನಾನು ತೊಟ್ಟಿಲಲ್ಲಿದ್ದಾಗಲೇ ಅಮ್ಮ ತೀರಿಕೊಂಡರು. ಅಪ್ಪನಿಗೆ ಜಯನಗರದಲ್ಲಿ ಪಾತ್ರೆ ಅಂಗಡಿ, ಅವರ ಕಾಲಾನಂತರ ಅದು ನನ್ನದು. ನನ್ನನ್ನು ಸಾಕಿದವರು ಅತ್ತೆ. ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಅವರು ಡ್ರಿಲ್ ಮೇಡಂ. ಶಾಲೆಯಲ್ಲಿ ಮಾತ್ರವಲ್ಲ, ಬನಶಂಕರಿಯ ನಮ್ಮ ಮನೆಯಲ್ಲೂ ಡ್ರಿಲ್ ಮೇಡಮ್ಮೇ. ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತಿದ್ದದ್ದು ಸೀಟಿ ಊದಿ. ನಮ್ಮ ಬೀದಿಯಲ್ಲಿ ಯಾರೂ ಅಲಾರಂ ಗಡಿಯಾರ ಕೊಂಡಿದ್ದೇ ಇಲ್ಲ!

ಇಂಥವರು ಮದುವೆ ಯಾಕಾಗಲಿಲ್ಲ ಎಂದರೆ, ಹರೆಯದಲ್ಲಿ ಅವರಿಗೆ ಕ್ಷಯ ಬಂದಿತ್ತು. ಔಷಧ ತೆಗೆದುಕೊಂಡರು, ಪೂರ್ತಿ ವಾಸಿಯೂ ಆಯಿತು. ಆದರೆ ಗೊತ್ತಾಗಿದ್ದ ಸಂಬಂಧದವರು 'ಎದೆ ಕಾಯಿಲೆಯ ಹುಡುಗಿ' ಎಂದು ತಾಂಬೂಲ ವಾಪಸು ಕಳಿಸಿದರು. ಆಮೇಲೆ ಅತ್ತೆ ಮದುವೆಯ ಮಾತೆತ್ತಿದವರ ಮುಂದೆಲ್ಲ ಸೀಟಿ ಊದಿ ಸುಮ್ಮನಾಗಿಸಿದರು.

ಹಾಗಾದರೆ ಈಗ ಗಂಡ ಎಲ್ಲಿಂದ ಬಂದ? ಆಸ್ಟ್ರೇಲಿಯಾದಿಂದ! ಹೆಂಡತಿಯನ್ನು ಕಳೆದುಕೊಂಡ ಹಿರಿಯರೊಬ್ಬರು ಪ್ರತಿ ಚಳಿಗಾಲ ಜೆ.ಪಿ. ನಗರದ ತಂಗಿಯ ಮನೆಗೆ ಬರುತ್ತಿದ್ದರು. ಪಾರ್ಕಿನಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ವಾಕಿಂಗ್ ಮಾಡುತ್ತಿದ್ದರು. ಅತ್ತೆ ಒಂದೆರಡು ದಿನ ಹಲ್ಲು ಕಚ್ಚಿ ಸಹಿಸಿದರು. ಆಮೇಲೆ ತಡೆಯಲಾರದೆ ಅಡ್ಡ ನಿಂತರು.

"ಸಾರ್, ಕೈ ಹಿಂದೆ ಕಟ್ಕೊಂಡು ನಡೆಯೋರು ಕೈದಿಗಳು. ನೀವೇನು ಕಳ್ತನ ಮಾಡಿದ್ದೀರಾ? ಕೈ ಬೀಸಿ ನಡೀರಿ!"

ಆ ಪುಣ್ಯಾತ್ಮ ಕೋಪಿಸಿಕೊಳ್ಳುವುದು ಬಿಟ್ಟು, "ನಮ್ಮನೆಯೋಳು ಹೋದ್ಮೇಲೆ ನನ್ನನ್ನ ಯಾರೂ ಬೈದೇ ಇರ್ಲಿಲ್ಲ ಮೇಡಂ" ಎಂದರಂತೆ. ಮುಗಿಯಿತು! ಮುಂದಿನ ಚಳಿಗಾಲದಲ್ಲಿ ನಮ್ಮ ಮನೆಯ ನಡುಮನೆಯಲ್ಲೇ ಮದುವೆ. ಸೋದರಳಿಯನಾದ ನಾನೇ ಹೆಣ್ಣಿನ ಕಡೆಯ ಹಿರಿಯ! ಮಾವ ಮುಂದಾಗಿ ಹೊರಟರು, ಅತ್ತೆ ವೀಸಾಕ್ಕೆ ಅರ್ಜಿ ಹಾಕಿದರು. ಅಲ್ಲಿಂದ ಉತ್ತರ ಬಂತು: ವೈದ್ಯಕೀಯ ತಪಾಸಣೆ ಕಡ್ಡಾಯ, ಎದೆಯ ಎಕ್ಸ್‌ರೇ ಸಮೇತ.

ಎದೆಯ ಎಕ್ಸ್‌ರೇ ಎಂಬ ಮಾತು ಓದಿದ ಕೂಡಲೇ ಅತ್ತೆಯ ಮುಖ ಸಣ್ಣದಾಯಿತು. "ಹಳೇ ಗಾಯ ಕಾಣುತ್ತೆ ಕಣೋ. ಕಂಡ್ರೆ ಕಳಿಸಲ್ಲ" ಎಂದರು. ಅಷ್ಟೇ. ಮರುದಿನದಿಂದ ಯುದ್ಧಸಿದ್ಧತೆ ಶುರುವಾಯಿತು.

ಮೊದಲು ಕಷಾಯಗಳ ದಂಡಯಾತ್ರೆ. ಹಿಪ್ಪಲಿ, ಶುಂಠಿ, ಮೆಣಸು, ದೊಡ್ಡಪತ್ರೆ ಎಲ್ಲವನ್ನೂ ಕುದಿಸಿ ಇಳಿಸಿದರೆ ಮನೆಗೆ ಬಂದ ಜಿರಳೆಗಳೂ ಸೀನುತ್ತಿದ್ದವು. ಆಮೇಲೆ ಶ್ವಾಸಕೋಶಕ್ಕೆ ಕಸರತ್ತು. ಇದಕ್ಕೆ ಅವರು ಕಂಡುಕೊಂಡ ಉಪಾಯ ಬಲೂನು! ಬೆಳಿಗ್ಗೆ ಎದ್ದರೆ ಬಲೂನು ಊದುವುದು, ಸಂಜೆ ಕುಳಿತರೆ ಬಲೂನು ಊದುವುದು. ಊದಿದ್ದನ್ನು ಒಡೆಯಲು ಮನಸ್ಸು ಬಾರದೆ ನಡುಮನೆ, ರೂಮು, ಅಡುಗೆಮನೆಯಲ್ಲೆಲ್ಲ ತೂಗುಹಾಕಿದರು. ಎದುರುಮನೆಯ ಆಂಟಿ ಒಂದು ಸಂಜೆ ಬಣ್ಣದ ಕಾಗದ ಸುತ್ತಿದ ಉಡುಗೊರೆ ಹಿಡಿದು ಬಂದೇಬಿಟ್ಟರು.

"ಬರ್ತ್‌ಡೇಗೆ ನಮ್ಮನ್ನ ಕರೀಲೇ ಇಲ್ಲವಲ್ರೀ! ಯಾರದ್ದು?"

"ನನ್ನ ಶ್ವಾಸಕೋಶದ್ದು" ಎಂದರು ಅತ್ತೆ, ಮತ್ತು ಉಡುಗೊರೆಯನ್ನು ಇಟ್ಟುಕೊಂಡರು.

ತಾಲೀಮು ನಡೆಯುತ್ತಿದ್ದದ್ದು ತಾರಸಿಯ ಮೇಲೆ. ನಾನು ಡಾಕ್ಟರು, ನನ್ನ ಹೆಂಡತಿ ನರ್ಸು. ನಾನು "ಉಸಿರೆಳೆದುಕೊಳ್ಳಿ" ಎನ್ನಬೇಕು, ಅತ್ತೆ ಎಳೆದುಕೊಳ್ಳಬೇಕು. ನನ್ನ ದನಿಯಲ್ಲಿ ಗತ್ತು ಸಾಲದೆಂದು ಡಾಕ್ಟರಿಗೇ ಬೈಗುಳ! "ಗಟ್ಟಿಯಾಗಿ ಹೇಳೋ, ಆಸ್ಟ್ರೇಲಿಯಾಕ್ಕೆ ಕೇಳ್ಬೇಕು!" ನೀರಿನ ಟ್ಯಾಂಕಿನ ಮೇಲೆ ಕೂತ ಕಾಗೆ ಹಾರಿಹೋಯಿತು.

ತಪಾಸಣೆಯ ದಿನ ಬಂತು. ವೀಸಾದವರು ಒಪ್ಪಿದ ಆಸ್ಪತ್ರೆಗೇ ಹೋಗಬೇಕು. ಅತ್ತೆ ಬಿಳಿ ಕ್ಯಾನ್ವಾಸ್ ಷೂ ಹಾಕಿ, ರೇಷ್ಮೆ ಸೀರೆ ಉಟ್ಟು, ಹಣೆಯ ತುಂಬ ವಿಭೂತಿ ಧರಿಸಿ ಆಟೋ ಹತ್ತಿದರು. ಎತ್ತರ, ತೂಕ, ರಕ್ತ, ಕಣ್ಣು ಎಲ್ಲವನ್ನೂ ಗೆದ್ದುಕೊಂಡು ಎಕ್ಸ್‌ರೇ ಕೋಣೆಯೊಳಗೆ ಹೋದರು. ಸ್ವಲ್ಪ ಹೊತ್ತಿಗೆಲ್ಲ ಎಕ್ಸ್‌ರೇ ತೆಗೆಯುವ ಹುಡುಗಿ ಹೊರಗೆ ಬಂದು ನನ್ನನ್ನು ಕರೆದಳು.

"ಸಾರ್, ಸ್ವಲ್ಪ ಬಂದು ನಿಮ್ಮ ಮೇಡಮ್‌ಗೆ ಹೇಳಿ. ಕೊರಳಲ್ಲಿರೋದನ್ನ ತೆಗೀತಿಲ್ಲ."

ಬಾಗಿಲಲ್ಲಿ ಆಸ್ಪತ್ರೆಯ ನೀಲಿ ಗೌನು ತೊಟ್ಟು ಅತ್ತೆ ನಿಂತಿದ್ದರು. ತಾಳಿ, ಬಳೆ, ಓಲೆಗಳನ್ನೆಲ್ಲ ಬಿಚ್ಚಿ ನನ್ನ ಕೈಗೆ ಸುರಿದರು. ಆದರೆ ಕೊರಳ ಕರಡಿಗೆಗೆ ಮಾತ್ರ ಕೈ ಹಾಕಲಿಲ್ಲ. ನಾವು ಲಿಂಗಾಯತರು. ಕರಡಿಗೆ ಎಂಬ ಆ ಪುಟ್ಟ ಬೆಳ್ಳಿಯ ಸಂಪುಟದೊಳಗೆ ಇಷ್ಟಲಿಂಗವಿರುತ್ತದೆ, ಅದು ಮೈಯಿಂದ ಅಗಲಬಾರದೆಂಬುದು ನಮ್ಮ ಕಟ್ಟಳೆ.

"ತಾಳಿ ಮೊನ್ನೆ ಬಂದಿದ್ದು, ಬಿಚ್ಚಿಕೊಟ್ಟೆ. ಇದು ನಾನು ಹುಟ್ಟಿದಾಗಿಂದ ಇರೋದು. ಇದನ್ನ ಬಿಡಲ್ಲ" ಎಂದರು ಅತ್ತೆ.

"ಮೇಡಂ, ಬೆಳ್ಳಿ ಫಿಲ್ಮಲ್ಲಿ ಬಿಳೀ ಚುಕ್ಕೆ ಥರ ಬರುತ್ತೆ. ಎದೆ ಮೇಲೆ ಏನೂ ಇರೋ ಹಾಗಿಲ್ಲ."

"ಎದೆ ಮೇಲೆ ಇರಬಾರದು ತಾನೇ? ಕೈ ಎಲ್ಲಿಡಬೇಕು?"

"ಎರಡೂ ಕೈ ಸೊಂಟಕ್ಕೆ, ಮೇಡಂ."

ಅತ್ತೆಯ ಮುಖ ಅರಳಿತು. ಜೀವಮಾನವೆಲ್ಲ ಮಕ್ಕಳಿಗೆ ತಾವೇ ಹೇಳಿಕೊಟ್ಟ ಪಾಠ! ಕರಡಿಗೆಯಿಂದ ಲಿಂಗ ತೆಗೆದು ಕಣ್ಣಿಗೊತ್ತಿಕೊಂಡು, ದಿನವೂ ಪೂಜೆಗೆ ಇಟ್ಟುಕೊಳ್ಳುವ ಅದೇ ಎಡ ಅಂಗೈಯಲ್ಲಿರಿಸಿ ಮುಷ್ಟಿ ಕಟ್ಟಿದರು. ಖಾಲಿ ಕರಡಿಗೆಯನ್ನು ನನಗೆ ಕೊಟ್ಟರು. ಮುಷ್ಟಿ ಸೊಂಟದ ಮೇಲೆ ಕೂತಿತು. ಚಿತ್ರಕ್ಕೂ ಅಡ್ಡಿಯಿಲ್ಲ, ಶಿವನಿಗೂ ಬೇಸರವಿಲ್ಲ.

ಬಾಗಿಲು ಮುಚ್ಚಿತು. ಒಳಗಿನಿಂದ "ಉಸಿರು ಎಳ್ಕೊಂಡು ಹಿಡ್ಕೊಳ್ಳಿ" ಎಂಬ ದನಿ ಕೇಳಿಸಿತು. ಆಮೇಲೆ ನಿಶ್ಶಬ್ದ. ಹುಡುಗಿ ಕಂಪ್ಯೂಟರಿನ ಮುಂದೆ ಕುಳಿತು ಯಾರದೋ ಫೋನಿಗೆ ಉತ್ತರ ಹೇಳಿ, ಮುಂದಿನವರ ಹೆಸರು ಕೂಗಲು ಎದ್ದಳು. ಕಿಟಕಿಯಲ್ಲಿ ಇಣುಕಿದವಳೇ "ಅಯ್ಯೋ ಮೇಡಂ!" ಎಂದು ಚೀರಿದಳು. ಅತ್ತೆ ಇನ್ನೂ ಉಸಿರು ಹಿಡಿದೇ ನಿಂತಿದ್ದರು. ಕೆನ್ನೆ ಟೊಮ್ಯಾಟೊ ಆಗಿತ್ತು.

"ಬಿಡಬೇಕಿತ್ತಲ್ವಾ ಮೇಡಂ?"

"ಬಿಡಿ ಅಂತ ನೀನೆಲ್ಲಮ್ಮ ಹೇಳ್ದೆ? ಸಾವಧಾನ್ ಹೇಳಿದ ಮೇಲೆ ವಿಶ್ರಾಮ್ ಹೇಳ್ಬೇಕು!"

ಬಲೂನು ಊದಿದ್ದು ವ್ಯರ್ಥವಾಗಲಿಲ್ಲ ಎಂದುಕೊಂಡು ನಾವು ಗೆದ್ದ ಸೈನ್ಯದ ಹಾಗೆ ಮನೆಗೆ ಬಂದೆವು.

ಮರುದಿನ ಆಸ್ಪತ್ರೆಯಿಂದ ಫೋನು. "ಎಕ್ಸ್‌ರೇ ಮತ್ತೆ ತೆಗೀಬೇಕು, ಬನ್ನಿ." ಅತ್ತೆ ಕುರ್ಚಿಯಲ್ಲಿ ಕುಸಿದರು. ಕಾಯಿಲೆ ಕಂಡೇಬಿಟ್ಟಿತು ಎಂದು ನಾನೂ ಗಾಬರಿಯಿಂದ ಆಟೋ ಕರೆಯಲು ಓಡಿದೆ.

ಅಲ್ಲಿನ ಡಾಕ್ಟರಮ್ಮ ಪರದೆಯ ಮೇಲೆ ಚಿತ್ರ ತೋರಿಸಿದರು. ಅತ್ತೆಯ ಶ್ವಾಸಕೋಶದ ನಡುವೆ, ಮೇಲಿನಿಂದ ಕೆಳಕ್ಕೆ, ಸಾಲಾಗಿ ನಾಲ್ಕೈದು ಸೇಫ್ಟಿ ಪಿನ್ನುಗಳು!

"ಇದೇನು ಮೇಡಂ?"

ಅತ್ತೆ ಕನ್ನಡಕ ಏರಿಸಿ ನೋಡಿದರು. "ಓ, ಇವಾ? ನಿಮ್ಮ ಗೌನು ಬೆನ್ನ ಕಡೆ ಪೂರ್ತಿ ತೆರೆದಿತ್ತು. ಮರ್ಯಾದಸ್ಥ ಹೆಂಗಸು ಹಾಗೆ ನಿಲ್ಲಕ್ಕಾಗುತ್ತಾ? ನನ್ನ ಬಳೇಲಿದ್ದ ಪಿನ್ನು ಹಾಕ್ಕೊಂಡೆ."

ನಮ್ಮ ಕಡೆಯ ಹೆಂಗಸರ ಬಳೆಯಲ್ಲಿ ಒಂದು ಗೊಂಚಲು ಪಿನ್ನು ನೇತಾಡುವುದು ನಿಮಗೂ ಗೊತ್ತು. ಸೆರಗು, ನೆರಿಗೆ, ಹರಿದ ಚಪ್ಪಲಿ, ಎಲ್ಲಕ್ಕೂ ಅದೇ ಮದ್ದು. ಮುಂದೆ ಕರಡಿಗೆಯ ಚರ್ಚೆ ನಡೆಯುತ್ತಿದ್ದಾಗ ಬೆನ್ನ ಹಿಂದೆ ಏನಾಗಿದೆಯೆಂದು ನೋಡುವ ವ್ಯವಧಾನ ಯಾರಿಗಿತ್ತು? ಡಾಕ್ಟರಮ್ಮ ನಕ್ಕರು, ಹುಡುಗಿ ನಕ್ಕಳು, ನಾನಂತೂ ಹೋದ ಜೀವ ಬಂದಂತಾಗಿ ಗಹಗಹಿಸಿದೆ.

ಎರಡನೆಯ ಎಕ್ಸ್‌ರೇ ಬಂದಾಗ ಡಾಕ್ಟರಮ್ಮ ನಗಲಿಲ್ಲ. "ಪಿನ್ನು ಹೋಯ್ತು. ಆದ್ರೆ ಬಲಗಡೆ ಮೇಲೆ ಹಳೇ ಗಾಯದ ಗುರುತಿದೆ. ವಾಸಿಯಾಗಿರೋ ಥರಾನೇ ಕಾಣುತ್ತೆ. ಆದ್ರೂ ಕಫ ಪರೀಕ್ಷೆ ಆಗ್ಲೇಬೇಕು ಮೇಡಂ, ರೂಲ್ಸು" ಎಂದರು. ಮೂರು ದಿನ ಬೆಳಿಗ್ಗೆ ಬಂದು ಕಫ ಕೊಡಬೇಕು, ಕ್ರಿಮಿ ಬೆಳೆಯುತ್ತದೋ ಇಲ್ಲವೋ ಎಂದು ವಾರಗಟ್ಟಲೆ ಕಾಯಬೇಕು.

ಕಫ ಕೊಡುವುದೇನು, ಸುಲಭ ಎಂದಿರಾ? ಹಿಪ್ಪಲಿ ಕಷಾಯ ಅತ್ತೆಯ ಎದೆಯಲ್ಲಿ ಏನನ್ನಾದರೂ ಉಳಿಸಿದ್ದರೆ ತಾನೇ! ಪ್ಲಾಸ್ಟಿಕ್ ಡಬ್ಬಿ ಹಿಡಿದು ಕೆಮ್ಮಿದ್ದೇ ಕೆಮ್ಮಿದ್ದು, ಬಂದದ್ದು ಬರೀ ಸದ್ದು.

"ಆಳವಾಗಿ ಕೆಮ್ಮಿ ಉಗೀರಿ ಆಂಟಿ" ಎಂದಳು ನರ್ಸು.

"ಮೈದಾನದಲ್ಲಿ ಉಗಿದ್ರೆ ಕಾಲು ಮುರೀತೀನಿ ಅಂತ ಮಕ್ಕಳಿಗೆ ಬೈಕೊಂಡೇ ರಿಟೈರ್ ಆದೋಳು ನಾನು. ನನಗೇ ಉಗಿ ಅಂತೀಯಲ್ಲ ತಾಯಿ!"

ಕೊನೆಗೆ ಉಪ್ಪುನೀರಿನ ಹಬೆ ಕೊಟ್ಟು ಹೊರಡಿಸಬೇಕಾಯಿತು. ಆಸ್ಟ್ರೇಲಿಯಾದಿಂದ ಮಾವನ ಫೋನು: "ಬಂತಾ? ಬಂತಾ?" ಹೆರಿಗೆ ಕೋಣೆಯ ಹೊರಗೂ ಯಾವ ಗಂಡಸೂ ಅಷ್ಟು ಕಾತರಿಸಿರಲಿಕ್ಕಿಲ್ಲ.

ಆಮೇಲಿನ ವಾರಗಳು ಮಾತ್ರ ನಗು ಬರುವಂಥವಲ್ಲ. ಅತ್ತೆ ಬಲೂನು ಊದುವುದನ್ನು ಬಿಟ್ಟರು. ಪಾರ್ಕಿನಲ್ಲಿ ಯಾರು ಹೇಗೆ ನಡೆದರೂ ಸುಮ್ಮನಿದ್ದರು. ವೀಸಾ ಸಿಗದಿದ್ದರೆ ತಾವೇ ಬಂದುಬಿಡುತ್ತೇನೆಂದು ಮಾವ ಹೇಳಿದರೂ ಸಮಾಧಾನವಾಗಲಿಲ್ಲ. ಒಂದು ಸಂಜೆ ಹೂ ಕಟ್ಟುತ್ತಾ, "ಆಗ ಒಂದು ಮನೆಯೋರು ಬೇಡ ಅಂದ್ರು. ಈಗ ಒಂದು ದೇಶವೇ ಬೇಡ ಅನ್ನುತ್ತೋ ಏನೋ" ಎಂದರು. ನಾನು ಹೂ ಬಿಡಿಸಿಕೊಟ್ಟೆ.

ಉತ್ತರ ಬಂದದ್ದು ಜಯನಗರದ ಒಂದು ದರ್ಶಿನಿಯಲ್ಲಿ ನಾವಿಬ್ಬರೂ ನಿಂತು ಬಿಸಿಬೇಳೆಬಾತ್ ತಿನ್ನುತ್ತಿದ್ದಾಗ. ಮೊಬೈಲು ಟಣ್ ಎಂದಿತು. ಓದಿದೆ. ಮತ್ತೊಮ್ಮೆ ಓದಿದೆ. ನನ್ನ ಮುಖ ನೋಡಿ ಅತ್ತೆಯ ಚಮಚ ಅರ್ಧದಲ್ಲೇ ನಿಂತಿತು.

"ಏನಂತೆ? ಕನ್ನಡದಲ್ಲಿ ಹೇಳು."

"ತಪಾಸಣೆ ಪಾಸು ಅತ್ತೆ! ಯಾವ ಕ್ರಿಮೀನೂ ಇಲ್ಲವಂತೆ. ನಿಮ್ಮಿಂದ ಯಾರಿಗೂ ಏನೂ ಅಂಟಲ್ಲ."

ಅತ್ತೆ ಕುಣಿಯುತ್ತಾರೆ, ಸೀಟಿ ಊದುತ್ತಾರೆ, ಮಾವನಿಗೆ ಫೋನು ಮಾಡುತ್ತಾರೆ ಎಂದೆಲ್ಲ ಎಣಿಸಿದ್ದೆ. ಅವರು ಏನೂ ಮಾಡಲಿಲ್ಲ. ಚಮಚ ಪಕ್ಕಕ್ಕಿಟ್ಟು, ಪ್ಲೇಟಿನಲ್ಲಿದ್ದ ಬಾತನ್ನು ಬೂಂದಿಯ ಜೊತೆ ಬೆರಳಲ್ಲಿ ಮೆತ್ತಗೆ ಕಲಸಿದರು. ಒಂದು ತುತ್ತು ಮಾಡಿ ನನ್ನ ಬಾಯಿಯ ಹತ್ತಿರ ಹಿಡಿದರು.

"ಆ ಅನ್ನು."

"ಅತ್ತೆ, ಜನ ನೋಡ್ತಿದ್ದಾರೆ. ನನಗೆ ತಲೆ ಬೋಳಾಗಿದೆ."

"ನೀನು ಮಗುವಾಗಿದ್ದಾಗ್ಲೇ ಡಾಕ್ಟರು ಹೇಳಿದ್ರು, ವಾಸಿಯಾಗಿದೆ ಅಂತ. ನನಗೇ ಧೈರ್ಯ ಬರ್ಲಿಲ್ಲ ಕಣೋ. ತಾಯಿಯಿಲ್ಲದ ಮಗು, ನನ್ನ ಎಂಜಲಿಂದ ನಿನಗೇನಾದ್ರೂ ಅಂಟಿದ್ರೆ ಅಣ್ಣನಿಗೆ ಏನು ಹೇಳ್ಲಿ ಅಂತ..." ಅವರು ತುತ್ತನ್ನು ಇನ್ನಷ್ಟು ಹತ್ತಿರ ತಂದರು. "ನೀನು ಪಕ್ಕದ ಮನೆ ಬಾಗಿಲಲ್ಲಿ ನಿಂತು, ಅವರಮ್ಮ ಅವರ ಮಕ್ಕಳಿಗೆ ತುತ್ತು ಕೊಡೋದನ್ನ ನೋಡ್ತಿದ್ದೆ. ನಾನು ನಿನ್ನನ್ನ ನೋಡ್ತಿದ್ದೆ."

ನನ್ನ ಬಾಲ್ಯದಲ್ಲಿ ಕೈತುತ್ತು ಎಂಬುದೇ ಇರಲಿಲ್ಲ. ಅತ್ತೆ ಸೌಟಿನಿಂದ ಬಡಿಸಿ ದೂರ ಕೂರುತ್ತಿದ್ದರು. ಅದೂ ಡ್ರಿಲ್ಲಿನ ಶಿಸ್ತೇ ಇರಬೇಕೆಂದು ನಾನು ಇಷ್ಟು ವರ್ಷ ನಂಬಿದ್ದೆ. ಈಗ ಅವರ ಬೆರಳುಗಳು ನನ್ನ ಮೀಸೆಯ ಮುಂದೆ ತುತ್ತು ಹಿಡಿದು ಕಾಯುತ್ತಿದ್ದವು. ಸುತ್ತಲಿನವರು ನೋಡುತ್ತಲೇ ಇದ್ದರು, ನೋಡಲಿ!

ನಾನು ಬಾಯಿ ತೆರೆದೆ. ಪ್ಲೇಟು ಖಾಲಿಯಾಗುವವರೆಗೂ ಅತ್ತೆ ನನಗೆ ಚಮಚ ಮುಟ್ಟಲು ಬಿಡಲಿಲ್ಲ.